ಅವ್ವ ಮುಚ್ಚಿಟ್ಟ ಮೂರು ತಿಂಗಳು

ಕಳೆದ ಚಳಿಗಾಲದಲ್ಲಿ ಅವ್ವ ಖಾನಾಪುರದಿಂದ ವಡಗಾವಿಯ ನಮ್ಮ ಮನೆಗೆ ಬಂದಿದ್ದಳು. ಬಂದ ಎರಡನೇ ದಿನ ಹಿತ್ತಿಲ ಹಗ್ಗದ ಮೇಲೆ ಟವೆಲ್ ಹರವಿ, ಅದರ ಕೆಳಗೆ ಹಳೆಯ ಸೀರೆಯ ತುಂಡುಗಳನ್ನು ಒಣಹಾಕುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಅವಳು ಒಳಗೆ ಹೋದ ಮೇಲೆ ನಾನು ಟವೆಲ್ ಎತ್ತಿ ನೋಡಿದೆ. ಎಷ್ಟು ತಿಕ್ಕಿದ್ದರೂ ಬಟ್ಟೆಯ ಮೇಲೆ ಕಂದು ಕಲೆ ಉಳಿದಿತ್ತು. ಅವ್ವನ ಮುಟ್ಟು ನಿಂತು ಆರು ವರ್ಷವಾಗಿತ್ತು. ಬಟ್ಟೆ ಹಿಡಿದುಕೊಂಡೇ ಒಳಗೆ ಹೋದೆ.

"ಯಾವಾಗಿಂದ ಐತಿ ಇದು?" ಎಂದು ಕೇಳಿದೆ.

"ನವರಾತ್ರಿಗೆ ಸುರು ಆತು. ಉಷ್ಣ ಆಗಿರಬೇಕು ಬಿಡ. ಮೆಂತ್ಯೆ ನೀರು ಕುಡಿಯಾಕತ್ತೀನಿ."

"ಮೂರು ತಿಂಗಳು! ಹೇಳಾಕ ನಿನಗ ಬಾಯಿ ಇರಲಿಲ್ಲೇನು?"

ಪಕ್ಕದ ಮನೆಯ ಮಗ್ಗದ ಸದ್ದಿಗಿಂತ ಜೋರಾಗಿ ಕೂಗಿದ್ದೆ. ಅವ್ವ ತಲೆ ತಗ್ಗಿಸಿಕೊಂಡು ಕೂತಳು. ಅವಳು ಯಾಕೆ ಹೇಳಲಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಖಾನಾಪುರದ ನಮ್ಮ ಓಣಿಯಲ್ಲಿ ಹಬ್ಬದ ದಿನ ಯಾರ ಮನೆಯ ಸೊಸೆ ಹೊರಗಾದರೂ ನೈವೇದ್ಯ ಮಾಡಲು ಅವ್ವನನ್ನೇ ಕರೆಯುತ್ತಾರೆ. ಕನ್ನಡದವರೂ ಕರೆಯುತ್ತಾರೆ, ಮರಾಠಿಯವರೂ ಕರೆಯುತ್ತಾರೆ. ಮುಟ್ಟು ನಿಂತವಳಿಗೆ ಮೈಲಿಗೆಯ ಮಾತಿಲ್ಲ. ಜೀವನವಿಡೀ ಹಿಂದೆ ನಿಂತವಳಿಗೆ ಆರು ವರ್ಷದಿಂದ ಸಿಕ್ಕ ಮರ್ಯಾದೆ ಅದು. ಮತ್ತೆ ರಕ್ತ ಕಂಡಿತು ಎಂದರೆ ಅದೂ ಹೋದಂತೆ. ಹಾಗಾಗಿ ಬಟ್ಟೆ ಕಟ್ಟಿಕೊಂಡೇ ಓಣಿಯ ದೇವರಿಗೆಲ್ಲ ಹೋಳಿಗೆ ಮಾಡಿದ್ದಳು. ಈಗ ಹಾಗೆ ಮಾಡಿದ್ದರ ಭಯ ಬೇರೆ.

"ಮೈಲಿಗ್ಯಾಗ ನೈವೇದ್ಯ ಮಾಡೇನಿ. ದೇವರು ಸುಮ್ಮನ ಬಿಡತಾನೇನು?"

"ದೇವರಿಗೆ ನಿನ್ನ ಬಟ್ಟಿ ನೋಡೂದ ಕೆಲಸೇನು?" ಎಂದು ಮತ್ತೆ ರೇಗಿದೆ. ರೇಗುತ್ತಿದ್ದರೆ ಹೆದರಿಕೆ ಸ್ವಲ್ಪ ದೂರ ಇರುತ್ತಿತ್ತು.

ಮರುದಿನ ಕ್ಯಾಂಪ್ ಬಡಾವಣೆಯಲ್ಲಿರುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಬೈಯಲಿಲ್ಲ.

"ಕುಂದರ್ರಿ ಅವ್ವಾರ. ಮುಟ್ಟು ನಿಂತು ವರ್ಷ ಆದ ಮ್ಯಾಲ ಒಂದ ಹನಿ ಕಂಡ್ರೂ ತೋರಸಬೇಕ್ರಿ. ಭಾಳ ಮಂದಿಗೆ ದೊಡ್ಡದೇನೂ ಇರಂಗಿಲ್ಲ. ಒಳಗಿನ ಚರ್ಮ ಒಣಗಿರತೈತಿ, ಇಲ್ಲಾ ಸಣ್ಣ ಗಂಟು ಇರತೈತಿ. ಆದ್ರ ನೋಡದ ಹೇಳಾಕ ಬರಂಗಿಲ್ಲ."

ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ದಪ್ಪಗೆ ಕಂಡಿತು. ಅದರದೊಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಗೆ ಎಂಟು ದಿನ ಎಂದರು.

ಆ ಎಂಟು ದಿನ ಫೋನ್ ಕೈಯಿಂದ ಕೆಳಗಿಡಲಿಲ್ಲ. ಅವ್ವ ಬಚ್ಚಲಿನಲ್ಲಿ ತುಸು ತಡ ಮಾಡಿದರೂ ಬಾಗಿಲು ಬಡಿಯುತ್ತಿದ್ದೆ. ವರದಿ ಕೆಟ್ಟದ್ದು ಬಂದರೆ ಅವಳಿಗೆ ಏನೆಂದು ಬೈಯಬೇಕು ಎಂಬುದನ್ನೂ ಪಾತ್ರೆ ತೊಳೆಯುತ್ತ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ನವರಾತ್ರಿಗೇ ಹೇಳಿದ್ದರೆ ಏನಾಗುತ್ತಿತ್ತು ನಿನಗೆ? ಊರ ಹೋಳಿಗೆ ಹೆಚ್ಚಾಯಿತೇ, ನಿನ್ನ ಜೀವ ಹೆಚ್ಚಾಯಿತೇ?

ವರದಿ ಕೆಟ್ಟದ್ದೇ ಬಂತು. ಕ್ಯಾನ್ಸರ್. ಗರ್ಭಚೀಲ ತೆಗೆಯಬೇಕು ಎಂದರು ಡಾಕ್ಟರಮ್ಮ. "ಹೊರಗ ಹಬ್ಬಿಲ್ಲ ಅನಸತೈತ್ರಿ. ಆದ್ರ ಖರೇ ಗೊತ್ತಾಗೂದು ಆಪರೇಶನ್ ಆದ ಮ್ಯಾಲ."

ಹೊರಗಿನ ಬೆಂಚಿನ ಮೇಲೆ ಕೂತೆವು. ಅವ್ವ ಅಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ನವರಾತ್ರಿಗೇ ಹೇಳಿದ್ರ ಇಷ್ಟು ಆಗತಿರಲಿಲ್ಲೇನು?" ಎಂದು ಕೇಳಿದಳು.

ಅದಕ್ಕೆ ಉತ್ತರ ನನಗೆ ಗೊತ್ತಿರಲಿಲ್ಲ. ಡಾಕ್ಟರಮ್ಮನನ್ನು ಕೇಳುವ ಧೈರ್ಯವೂ ಬಂದಿರಲಿಲ್ಲ, ಅವರು ಹೌದು ಎಂದುಬಿಟ್ಟರೆ ಎಂದು.

"ಇಲ್ಲವ್ವ," ಎಂದೆ ಮೆಲ್ಲಗೆ. "ಆವಾಗ ಬಂದಿದ್ರೂ ಇಷ್ಟ ಇರತಿತ್ತು."

ಅವ್ವ ನನ್ನ ಮುಖವನ್ನೇ ನೋಡಿದಳು.

"ಹಂಗಾದ್ರ ದಿನಾ ಬೈಯಾಕಿ, ಇವತ್ತ ನನ್ನ ಮ್ಯಾಲ ಯಾಕ ಒದರಾಕತ್ತಿಲ್ಲ ನೀ?"