ಸೊಪ್ಪಿನ ಗುಡ್ಡೆಯ ಹತ್ತು ನಿಮಿಷ

ನಂಬಿ ಎಂದು ಯಾರನ್ನೂ ಗೋಗರೆಯುವುದಿಲ್ಲ. ಇದು ನಡೆದದ್ದು ನನಗೇ, ಕಬ್ಬಾಳಿನ ಬೆಟ್ಟದ ಹಿಂದಿನ ಕಾಡುದಾರಿಯಲ್ಲಿ. ರೆಕಾರ್ಡಿಂಗ್ ಇವತ್ತಿಗೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ನಗುವವರು ಮೊದಲು ಅದನ್ನು ಕೇಳಲಿ, ಆಮೇಲೆ ನಗಲಿ.

ನಾನು ಸಲ್ಮಾ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರ ಮಗಳು. ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ ಮಾಡುತ್ತಾ ಗೂಬೆಗಳ ಗಣತಿಗೆ ಹೊರಟಿದ್ದೆ. "ಗೂಬೆ ಎಣಿಸೋಕೂ ಡಿಗ್ರಿ ಬೇಕಾ?" ಎಂದು ನೆಂಟರೆಲ್ಲ ಆಡಿಕೊಂಡರು. ನನ್ನ ಅಬ್ಬಾ ನಗಲಿಲ್ಲ. "ಸಂಶೋಧನೆಗೆ ಸೀಟು ಸಿಕ್ಕಿದ್ರೆ ಮುಂದೆ ಓದು. ಇಲ್ಲಾಂದ್ರೆ ಇಲ್ಲಿಗೇ ಸಾಕು," ಎಂದರು. ಸಂದರ್ಶನಕ್ಕೆ ಹತ್ತೇ ದಿನ ಉಳಿದಿತ್ತು. ಅಲ್ಲಿ ತೋರಿಸಲು ಒಂದಾದರೂ ಪೂರ್ತಿ ರಾತ್ರಿಯ ಗಣತಿ ಬೇಕಿತ್ತು.

ದಾರಿಯುದ್ದಕ್ಕೂ ಹತ್ತು ಜಾಗ ಗುರುತು ಮಾಡಿಕೊಂಡಿದ್ದೆ. ಪ್ರತಿ ಜಾಗದಲ್ಲೂ ರೆಕಾರ್ಡರ್ ಒತ್ತಿ, "ಪಾಯಿಂಟ್ ಒಂದು", "ಪಾಯಿಂಟ್ ಎರಡು" ಎಂದು ಗಟ್ಟಿಯಾಗಿ ಹೇಳಿ, ಹತ್ತು ನಿಮಿಷ ಅಲ್ಲಾಡದೆ ನಿಂತು ಗೂಬೆಯ ಕೂಗಿಗೆ ಕಿವಿಗೊಡಬೇಕು. ಜೊತೆಗೆ ಆ ಊರಿನ ನಂಜಣ್ಣ ಬಂದಿದ್ದರು. ಕಾಡಿನ ಇಂಚಿಂಚೂ ಬಲ್ಲವರು.

ಆರು ಜಾಗ ಸಲೀಸಾಗಿ ಮುಗಿಯಿತು. ಏಳನೆಯದಕ್ಕೆ ನಾಲ್ಕು ಹೆಜ್ಜೆ ಇರುವಾಗ ನಂಜಣ್ಣ ನಿಂತರು.

"ಮುಂದ್ಕೆ ಸೊಪ್ಪಿನ ಗುಡ್ಡೆ ಐತೆ ಕಣವ್ವ. ಒಂದು ಹಿಡಿ ಸೊಪ್ಪಾಕಿ ಸುಮ್ನೆ ದಾಟ್ಬೇಕು. ಅಲ್ಲಿ ಮಾತ್ರ ಬಾಯ್ ಬುಡಬ್ಯಾಡ..."

ಎದೆಯೆತ್ತರದ ಗುಡ್ಡೆ. ದಾರಿ ಹಾಯುವವರೆಲ್ಲ ಹಾಕಿ ಹಾಕಿ ಬೆಳೆದದ್ದು. ಎಲೆಗಳೆಲ್ಲ ಒಣಗಿದ್ದವು, ಆದರೂ ಈಗಷ್ಟೇ ಹಿಸುಕಿದ ಹಸಿ ಸೊಪ್ಪಿನ ವಾಸನೆ... ಒಪ್ಪಿಕೊಳ್ಳುತ್ತೇನೆ, ಹೆದರಿದೆ. ಆ ಏಳನೇ ಜಾಗವನ್ನು ರೆಕಾರ್ಡರ್ ಮುಟ್ಟದೆ ದಾಟಿಬಿಟ್ಟೆ. ಉಳಿದ ಮೂರು ಜಾಗ ಮುಗಿಸಿ ವಾಪಸ್ ಬಂದೆವು.

ಮರುದಿನ ನೋಡಿದರೆ, ಒಂಬತ್ತು ಇರಬೇಕಾದ ಕಡೆ ಹತ್ತು ರೆಕಾರ್ಡಿಂಗ್ ಇದ್ದವು.

ಏಳನೆಯದನ್ನು ಹಾಕಿದೆ. "ಪಾಯಿಂಟ್ ಏಳು." ನನ್ನದೇ ದನಿ! ಆಮೇಲೆ ಹತ್ತು ನಿಮಿಷ ಒಂದು ಜೀರುಂಡೆಯೂ ಇಲ್ಲ. ಹಿಡಿ ಹಿಡಿಯಾಗಿ ಎಲೆ ಬೀಳುವ ಸದ್ದು ಮಾತ್ರ... ಸರ್... ಸರ್...

ಮೊದಲು ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಆಮೇಲೆ ಆಸೆಯೂ ಆಯಿತು. ಹತ್ತಕ್ಕೆ ಹತ್ತೂ ಇದೆ, ಯಾರಿಗೆ ಗೊತ್ತಾಗುತ್ತದೆ? ಆದರೆ ನಾನು ಆಡದ ಮಾತನ್ನು ನನ್ನ ದನಿಯಲ್ಲಿ ಆಡುವುದಕ್ಕೆ ಅದು ಯಾರು? ಮೈಯೆಲ್ಲ ಉರಿಯಿತು. ನನ್ನ ಕೆಲಸ ನಾನೇ ಮಾಡುತ್ತೇನೆ ಎಂದುಕೊಂಡು, ಎರಡು ದಿನ ಬಿಟ್ಟು ಮತ್ತೆ ಮೊದಲಿನಿಂದ ಗಣತಿಗೆ ಹೋದೆ.

"ಅದೊಂದ ಬುಟ್ಬುಡವ್ವ, ಏನಾಯ್ತೈತೆ?" ಎಂದರು ನಂಜಣ್ಣ.

"ನನ್ನ ಲೆಕ್ಕ ಸುಳ್ಳಾಗುತ್ತೆ ನಂಜಣ್ಣ."

"ಹಂಗಾರೆ ನಾನು ಒಸಿ ದೂರ್ದಲ್ಲೇ ನಿಂತಿರ್ತೀನಿ."

ಗುಡ್ಡೆಗೆ ಒಂದು ಹಿಡಿ ಸೊಪ್ಪು ಹಾಕಿದೆ. ಅದು ಊರಿನವರ ಮರ್ಯಾದೆ. ಆದರೆ ಬಾಯಿ ಮುಚ್ಚಲಿಲ್ಲ.

"ಪಾಯಿಂಟ್ ಏಳು!"

ಜೀರುಂಡೆಗಳೆಲ್ಲ ಒಟ್ಟಿಗೆ ನಿಂತವು. ಹಸಿ ವಾಸನೆ ಮೂಗಿಗೆ ಅಡರಿತು. ನಂಜಣ್ಣನ ಬೀಡಿಯ ಕೆಂಡ ದೂರದ ತಿರುವಿನಲ್ಲಿ ಕಾಣುತ್ತಿತ್ತು. ಆದರೂ ನನ್ನ ಬೆನ್ನ ಹಿಂದೆ, ತೀರಾ ಹತ್ತಿರ, ಎಲೆ ತುಳಿದ ಸದ್ದು...

ತಿರುಗಲಿಲ್ಲ. ಗಡಿಯಾರ ನೋಡುತ್ತಾ ನಿಂತೆ. ಮೂರು ನಿಮಿಷ... ಆರು ನಿಮಿಷ... 'ನಿನಗೆ ಹೆದರಿ ಓದು ಬಿಡುವವಳಲ್ಲ ನಾನು,' ಎಂದು ಹಲ್ಲು ಕಚ್ಚಿಕೊಂಡೆ. ಒಂಬತ್ತನೇ ನಿಮಿಷಕ್ಕೆ ಬೆಟ್ಟದ ಕಡೆಯಿಂದ ಒಂದು ಗೂಬೆ ಕೂಗಿತು. ಪುಸ್ತಕದಲ್ಲಿ ಬರೆದುಕೊಂಡೆ. ಹತ್ತು ನಿಮಿಷ ಮುಗಿಸಿಯೇ ಅಲ್ಲಿಂದ ಕದಲಿದೆ.

ಸಂದರ್ಶನದಲ್ಲಿ ಹಿರಿಯ ವಿಜ್ಞಾನಿಯೊಬ್ಬರು ಹೆಡ್‌ಫೋನ್ ಹಾಕಿಕೊಂಡು ಆ ರೆಕಾರ್ಡಿಂಗನ್ನು ಪೂರ್ತಿ ಕೇಳಿದರು. ನಿಧಾನವಾಗಿ ತೆಗೆದಿಟ್ಟರು.

"ಇಬ್ಬರ ಉಸಿರು ಕೇಳಿಸ್ತಿದೆಯಲ್ಲಮ್ಮ. ಜೊತೆಗೆ ಬಂದವರು ಪಕ್ಕದಲ್ಲೇ ನಿಂತಿದ್ರಾ?"

ಹೌದು ಎಂದುಬಿಟ್ಟಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲ ಸರ್. ಅವರು ದೂರ ಇದ್ರು. ಒಂದು ಉಸಿರು ನನ್ನದು. ಇನ್ನೊಂದು ಯಾರದು ಅಂತ ನನಗೆ ಗೊತ್ತಿಲ್ಲ."

ಯಾರೂ ನಗಲಿಲ್ಲ. ಸೀಟು ಸಿಕ್ಕಿತು. ಇನ್ನು ಕೆಲವು ವರ್ಷ, ತಿಂಗಳಿಗೊಂದು ರಾತ್ರಿ ಅದೇ ದಾರಿ. ಈ ಶುಕ್ರವಾರ ಮೊದಲ ಸರದಿ. ಇದನ್ನು ಬರೆಯುವಾಗಲೂ ಹೆದರಿಕೆ ಇದೆ, ಸುಳ್ಳೇಕೆ ಹೇಳಲಿ... ಆದರೂ ಹೋಗುತ್ತೇನೆ.