ಬಾಯಂಚಿನ ಹಳದಿ ಗೆರೆ

ಅವರ ಕ್ಯಾಮೆರಾದ ಹಿಂಬದಿಯ ಪರದೆಯ ಮೇಲೆ ಒಂದು ಗೀರಿತ್ತು. ಮೂಗುಬೊಟ್ಟಿನ ಗೀರು. ವರ್ಷಗಟ್ಟಲೆ ಕ್ಯಾಮೆರಾಕ್ಕೆ ಮುಖ ಒತ್ತಿ ಒತ್ತಿ ಆದದ್ದು. ಇಳಕಲ್ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ತಲೆಗೆ ಮಂಕಿಕ್ಯಾಪು, ಕೊರಳಿಗೆ ಸೋರೆಕಾಯಿಯಷ್ಟುದ್ದದ ಲೆನ್ಸು ಹಾಕಿಕೊಂಡು ಮಣಿನಗರದ ನಮ್ಮ ಸೊಸೈಟಿಯ ಗೇಟಿನಲ್ಲಿ ನಿಂತಿದ್ದವರನ್ನು ಮೊದಲ ಸಲ ಕಂಡಾಗ, ಇವರು ಎಲ್ಲಿಗೆ ಹೊರಟವರು ಎಂದು ನನಗೆ ಬಗೆಹರಿಯಲಿಲ್ಲ.

ಮಾತಾಡಿಸಿದವರು ಅವರೇ. "ಎರಡನೇ ಮಜಲಿನಾಕಿ ನೀನ ಅಲ್ಲಾ? ಫೋನಿನ್ಯಾಗ ಅವ್ವನ ಜೋಡಿ ಜಗಳಾಡೂದು ನಮ್ಮನೀತನಕಾ ಕೇಳಸ್ತದ."

ನಾನು ವಿಮಾ ಕಚೇರಿಯ ವರ್ಗಾವಣೆಯಲ್ಲಿ ಮೈಸೂರಿನಿಂದ ಅಹಮದಾಬಾದಿಗೆ ಬಂದು ಬಿದ್ದವಳು. ಅವರು ಧಾರವಾಡದವರು, ನಮ್ಮ ಮೇಲಿನ ಮಹಡಿ. ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಮಗಳು ವಡೋದರಾದಲ್ಲಿ. ನನ್ನ ಅಮ್ಮನ ವಯಸ್ಸಿನವರಾದರೂ ಅಕ್ಕ ಎಂದೇ ಕರೆದೆ. ವಾರ ಕಳೆಯುವುದರೊಳಗೆ ಗೆಳತಿಯರಾದೆವು. ನನ್ನ ಸಾರು ಅವರಿಗೆ ಸಿಹಿ, ಅವರ ಖಾರಬ್ಯಾಳಿ ನನಗೆ ಪ್ರಾಣಾಂತಿಕ. ಆದರೂ ಡಬ್ಬಿಗಳು ಮೆಟ್ಟಿಲು ಹತ್ತಿಳಿಯುತ್ತಿದ್ದವು.

ಅವರ ಹುಚ್ಚು ಹದ್ದು. ಊರಿನ ಮೇಲೆ ಸುತ್ತುವ ಹದ್ದಲ್ಲ, ಚಳಿಗಾಲದಲ್ಲಿ ಊರಾಚೆಯ ಬಯಲಿಗೆ ಇಳಿಯುವ ಕಂದುಬಣ್ಣದ ದೊಡ್ಡ ಕಾಡುಹದ್ದುಗಳು. ಅವುಗಳಲ್ಲಿ ಕೆಲವು ಇಲ್ಲಿಯವೇ, ಇಲ್ಲೇ ಗೂಡು ಕಟ್ಟಿ ಮರಿ ಮಾಡುವಂಥವು. ಕೆಲವು ಹಿಮದ ನಾಡಿನಾಚೆಯ ಹುಲ್ಲುಗಾವಲುಗಳಿಂದ ಹಾರಿ ಬರುವಂಥವು. ನನಗೆ ಎರಡೂ ಒಂದೇ. ನಮ್ಮನ್ನು ಕರೆದೊಯ್ಯುವ ಡ್ರೈವರ್ ಭಾಯ್‌ಗಂತೂ ಊರ ಹದ್ದಿನಿಂದ ಹಿಡಿದು ಎಲ್ಲವೂ ಬರೀ ಹದ್ದೇ, "ಸಮಡಿ, ಬೆನ್." ಅಕ್ಕ ಮಾತ್ರ ಒಂದು ಗುರುತು ಹೇಳಿಕೊಟ್ಟಿದ್ದರು. "ಬಾಯಿ ಅಂಚಿಗೆ ಹಳದಿ ಗೆರಿ ಇರ್ತದ ನೋಡು. ಅದು ಕಣ್ಣಿನ ನಡುವಿಗೆ ನಿಂತ್ರ ಇಲ್ಲಿಯಾಕಿ. ನಡು ದಾಟಿ ಕಣ್ಣಿನ ಹಿಂದಿನ ಅಂಚಿನ ತನಕಾ ಹೋದ್ರ ದೂರದಾಕಿ." ಆ ದೂರದ ಹಕ್ಕಿಯ ಮುಖ ಅಷ್ಟು ಹತ್ತಿರದಿಂದ, ಆ ಗೆರೆ ಕಾಣುವ ಹಾಗೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಅವರಿಗೆ ಸಿಕ್ಕಿರಲಿಲ್ಲ. ಅದೊಂದು ಚಿತ್ರ ಅವರಿಗೆ ಬೇಕಿತ್ತು.

ಅವರದೊಂದು ವಿಚಿತ್ರ ಪದ್ಧತಿಯಿತ್ತು. ಕ್ಯಾಮೆರಾ ನನ್ನ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು, "ಏನೇನ ಕಾಣಸ್ತದ ಹೇಳು" ಎನ್ನುತ್ತಿದ್ದರು. ಕೊಕ್ಕಿನ ಬಣ್ಣ, ರೆಕ್ಕೆಯ ಪಟ್ಟಿ, ಕಾಲಿನ ತುಪ್ಪುಳು ಎಲ್ಲ ಒಪ್ಪಿಸಬೇಕು. ಆಮೇಲೆ "ಹೂಂ" ಎಂದರೆ ಗುಂಡಿ ಒತ್ತಬೇಕು. "ಮೊದಲ ಬಾಯಿ, ಆಮ್ಯಾಲೆ ಬೆರಳು" ಎಂಬುದು ಅವರ ಗಾದೆ. ನಾನು ಶಾಲೆಯ ಹುಡುಗಿಯ ಹಾಗೆ ಒಪ್ಪಿಸುತ್ತಿದ್ದೆ. ನನಗೆ ನೋಡುವುದನ್ನು ಕಲಿಸುತ್ತಿದ್ದಾರೆ ಎಂದುಕೊಂಡಿದ್ದೆ, ಒಳಗೊಳಗೇ ಹೆಮ್ಮೆಯೂ ಇತ್ತು. ಆಕಾಶದ ಮೂಲೆಯಲ್ಲಿ ಹಕ್ಕಿ ಸರಿದಾಡಿದರೆ ನನಗಿಂತ ಮೊದಲು ಕಾಣುತ್ತಿದ್ದುದು ಅವರಿಗೇ.

ಆ ಜನವರಿಯಲ್ಲಿ, ಸಂಕ್ರಾಂತಿಯ ಗಾಳಿಪಟಗಳೆಲ್ಲ ಮುಗಿದ ಮೇಲೆ, ಹೊರಟೆವು. ಎರಡು ಗಂಟೆಯ ದಾರಿ. ಹಳ್ಳಿಯೊಂದರ ಹೊರಗೆ ಸತ್ತ ದನಗಳನ್ನು ಎಳೆದು ಹಾಕುವ ಬಯಲು. ಮೂಗಿಗೆ ಸೆರಗು ಕಟ್ಟಿಕೊಂಡು ಕಾರಿನೊಳಗೇ ಕೂತಿದ್ದೆವು. ಅಕ್ಕ ಒಮ್ಮೆ, "ಈ ಸಲ ಆಗಲಿಲ್ಲಂದ್ರ ಇನ್ನ ಇಲ್ಲ ಬಿಡು" ಎಂದರು. ಮಂಡಿನೋವಿನ ದೆಸೆಯಿಂದ ಹಾಗೆ ಹೇಳುತ್ತಿದ್ದಾರೆ ಎಂದುಕೊಂಡೆ.

ಬಿಸಿಲೇರುವ ಹೊತ್ತಿಗೆ ಒಂದು ದೊಡ್ಡ ಕಂದುಹದ್ದು ಬಂದು ಎದುರಿನ ಮಣ್ಣುದಿಬ್ಬದ ಮೇಲೆ ಕೂತಿತು. ಅಷ್ಟು ಹತ್ತಿರ ನಾನು ಎಂದೂ ಕಂಡಿರಲಿಲ್ಲ. ಕೊಕ್ಕು ಹೇಳಿದೆ, ಕಾಲು ಹೇಳಿದೆ.

"ಗೆರಿ? ಎಲ್ಲೀತನಕಾ ಅದ?"

ಮುಖ ನೆರಳಿನಲ್ಲಿತ್ತು. ಗೆರೆ ಕಾಣಿಸಲಿಲ್ಲ. ಆದರೆ ನಾನು ಇಪ್ಪತ್ತು ವರ್ಷ ಕ್ಲೇಮು ಅರ್ಜಿ ನೋಡಿದವಳು. ಕಾಲಂ ಖಾಲಿ ಬಿಟ್ಟರೆ ಫೈಲು ವಾಪಸು ಬರುತ್ತದೆ, ಏನಾದರೊಂದು ತುಂಬಬೇಕು ಎನ್ನುವುದು ರಕ್ತಕ್ಕೆ ಇಳಿದುಹೋಗಿದೆ. ಪಕ್ಕದಲ್ಲಿ ಅವರು ಉಸಿರು ಬಿಗಿಹಿಡಿದಿದ್ದರು.

"ಹಿಂದಿನ ಅಂಚಿನವರೆಗೂ ಇದೆ ಅಕ್ಕ" ಎಂದುಬಿಟ್ಟೆ.

"ಹೂಂ" ಎಂದರು. ಒತ್ತಿದೆ. ಅದೇ ಕ್ಷಣ ಹಕ್ಕಿ ಇತ್ತ ತಿರುಗಿ, ಹಾರಿಹೋಯಿತು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡೇ ಇದ್ದರು. ದಾರಿಯುದ್ದಕ್ಕೂ ಡ್ರೈವರ್‌ಗೆ ಹರಕು ಗುಜರಾತಿಯಲ್ಲಿ ಆ ಹಕ್ಕಿ ಎಷ್ಟು ದೇಶ ದಾಟಿ ಬಂದಿದೆ ಎಂದು ವಿವರಿಸಿದರು.

ಮರುದಿನ ಆಫೀಸಿನ ಊಟದ ಬಿಡುವಿನಲ್ಲಿ, ಫೋನಿಗೆ ಇಳಿಸಿಕೊಂಡಿದ್ದ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಗೆರೆ ಕಣ್ಣಿನ ನಡುವಿಗೇ ನಿಂತಿತ್ತು. ಇಲ್ಲಿಯದೇ ಹಕ್ಕಿ! ಊಟದ ಡಬ್ಬಿ ಮುಚ್ಚಿಟ್ಟೆ. ಅಕ್ಕ ನೋಡಿದ ಕೂಡಲೇ ಬೈಯುತ್ತಾರೆ, ಬೈಸಿಕೊಂಡರಾಯಿತು ಎಂದು ಕಾದೆ. ಅವರು ಬೈಯಲಿಲ್ಲ. ಅದನ್ನು ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿ, ಕತ್ತು ಓರೆ ಮಾಡಿ ನಿಂತು, "ಎಷ್ಟ ದೂರದಿಂದ ಬಂದಾಳ ನೋಡು ನನ್ನವ್ವ" ಎಂದರು. ಕೂದಲೆಳೆಯಷ್ಟು ಗೆರೆ ಆಚೀಚೆಯಾದರೆ ನಕ್ಷೆ ಹರಿದು ಹಾಕುತ್ತಿದ್ದ ಹೆಂಗಸು! ಇದು ನನಗೆ ಪರೀಕ್ಷೆಯೋ, ಕ್ಷಮೆಯೋ, ಮರೆವೋ? ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು.

ಏಪ್ರಿಲ್‌ನಲ್ಲಿ ನನ್ನನ್ನು ಸೂರತ್‌ಗೆ ಹಾಕಿದರು. ಪಾಂಡೇಸರಾದ ಗಿರಣಿಗಳು, ಸಚಿನ್ ಎಂಬ ಊರಿನ ಕಾರ್ಖಾನೆಗಳು, ತಪಾಸಣೆಗೆ ಓಡಾಡುವುದರಲ್ಲೇ ಬೇಸಿಗೆ ಹೋಯಿತು. ಅಷ್ಟರಲ್ಲಿ ಅಕ್ಕ ಮನೆ ಖಾಲಿ ಮಾಡಿ ಮಗಳ ಮನೆ ಸೇರಿದ್ದರು. ಆಗಸ್ಟ್‌ನಲ್ಲಿ ಅಹಮದಾಬಾದಿಗೆ ಹೋಗುವ ದಾರಿಯಲ್ಲಿ ವಡೋದರಾದಲ್ಲಿ ಇಳಿದೆ.

ಬಾಗಿಲಲ್ಲೇ ಮಗಳು ಮೆಲ್ಲಗೆ ಹೇಳಿದಳು. "ದೀದಿ, ಮಮ್ಮಿಗೆ ಸೆಂಟರ್‌ನಾಗ ಏನೂ ದಿಖಂಗಿಲ್ಲ. ಸೈಡಿಂದ ಥೋಡಾ ಥೋಡಾ ಕಾಣಸ್ತದ, ಅಷ್ಟ. ತೀನ್ ಸಾಲ್ ಆತು. ನಿಮಗ ಹೇಳಿಲ್ಲ?"

ಮೂರು ವರ್ಷ! ನನಗೆ ಅವರ ಪರಿಚಯವಾಗಿಯೇ ಎರಡು ವರ್ಷ. ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ. ಹಾಗಾದರೆ ನಾನು ಒಪ್ಪಿಸುತ್ತಿದ್ದದ್ದು ಪಾಠವಾಗಿರಲಿಲ್ಲವೇ? ಅವರು ನೋಡುತ್ತಿದ್ದದ್ದೇ ನನ್ನ ಮಾತಿನಿಂದಲೇ? ಹಾಗಿದ್ದರೆ ಹಾರುವ ಹಕ್ಕಿ ಮೊದಲು ಅವರಿಗೆ ಕಾಣುತ್ತಿತ್ತಲ್ಲ? ಓರೆಗಣ್ಣಿಗೆ ಅಷ್ಟು ಸಾಕಾಗುತ್ತಿತ್ತೋ ಏನೋ.

ಚಿತ್ರ ಅವರ ಮಂಚದ ಎದುರಿಗೇ ಇತ್ತು. ಕುಶಲ ವಿಚಾರಿಸಿಕೊಂಡೆವು, ಚಹಾ ಬಂತು. ಅದು ಆರುತ್ತಿದ್ದ ಹಾಗೆ ನಾನು ಹೇಳಿದೆ. "ಅಕ್ಕ, ಆ ಗೆರೆ ಕಣ್ಣಿನ ನಡುವಿಗೇ ನಿಂತಿದೆ. ಆವತ್ತು ನನಗೆ ಕಾಣಿಸಲೇ ಇಲ್ಲ. ಸುಮ್ಮನೆ ಹೇಳಿಬಿಟ್ಟೆ."

ಅವರ ಮುಖ ಸಪ್ಪಗಾಯಿತು.

"ಕಾಣವಲ್ದು ಅಂತ ಹೇಳಲಿಕ್ಕೆ ಏನಾಗಿತ್ತ ನಿನಗ?"

"ನೀವೂ ಹೇಳಲಿಲ್ಲವಲ್ಲ ಅಕ್ಕ."

ಅಂದದ್ದು ಹೆಚ್ಚಾಯಿತೇನೋ ಎಂದು ಹೆದರಿದೆ. ಅವರು ಲೋಟ ಕೆಳಗಿಟ್ಟರು. ನಕ್ಕರು. ನಗುವೇ ಎಂದು ಈಗಲೂ ಖಚಿತವಾಗಿ ಹೇಳಲಾರೆ, ಕಣ್ಣಲ್ಲಿ ನೀರಿತ್ತು. "ಹೇಳಿದ್ರ ನೀ ಅಯ್ಯೋ ಪಾಪ ಅಂತ ಕೈ ಹಿಡಕೊಂಡು ಬರತಿದ್ದಿ. ಹಿಂಗ ಜಗಳಾಡತಿದ್ದೇನು?" ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಬರೂ ಚಳಿಗಾಲಕ್ಕ ಮತ್ತ ಹೋಗೂಣು. ಕಾಣದಿದ್ರ ಕಾಣಲಿಲ್ಲ ಅಂತ ಹೇಳು, ಸಾಕು."

ನವೆಂಬರಿನಲ್ಲಿ ಅವರು ಹೋಗಿಬಿಟ್ಟರು. ನ್ಯೂಮೋನಿಯಾ, ನಾಲ್ಕೇ ದಿನ. ನಾನು ರೈಲು ಹಿಡಿದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಕ್ಯಾಮೆರಾವನ್ನು ಮಗಳು ನನ್ನ ಕೈಗಿಟ್ಟಳು.

ಈ ಜನವರಿಯಲ್ಲಿ ಒಬ್ಬಳೇ ಹೋಗಿದ್ದೆ. ಅದೇ ಬಯಲು, ಅದೇ ಡ್ರೈವರ್ ಭಾಯ್. ಕಂದುಹದ್ದೊಂದು ಬಂದು ಬಿಸಿಲಿಗೆ ಬೆನ್ನು ಮಾಡಿ ಕೂತಿತು. ಕೊಕ್ಕು, ಕಾಲು ಎಂದು ಒಪ್ಪಿಸತೊಡಗಿದೆ. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಎಷ್ಟು ದಿಟ್ಟಿಸಿದರೂ ಗೆರೆ ಎಲ್ಲಿಗೆ ನಿಂತಿದೆಯೆಂದು ತಿಳಿಯಲಿಲ್ಲ.

"ಕಾಣವಲ್ದು, ಅಕ್ಕ" ಎಂದೆ, ಗಟ್ಟಿಯಾಗಿ, ಅವರ ಕನ್ನಡದಲ್ಲೇ.

"ಶುಂ ಥಯುಂ, ಬೆನ್?" ಏನಾಯಿತೆಂದು ಡ್ರೈವರ್ ಹಿಂದಕ್ಕೆ ತಿರುಗಿ ಕೇಳಿದ. ನನಗೆ ಅಳು ಬಂದಿತ್ತು. ಗುಂಡಿ ಒತ್ತಲಿಲ್ಲ.