ರುದ್ರೇಶ ಮಾಸ್ತರರ ಅವಧಿ

ಆಂಧ್ರದ ಗಡಿಯ ಆದವಾನಿಯ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ರುದ್ರೇಶ ಮಾಸ್ತರರಿಗೆ ಕ್ಯಾಲ್ಕುಲಸ್ಸಿನ ಲಿಮಿಟ್ ಎಂದರೇನೆಂದು ಗೊತ್ತಿರಲಿಲ್ಲ. ಈ ಗುಟ್ಟು ಗೊತ್ತಿದ್ದದ್ದು ಅವರೊಬ್ಬರಿಗೇ. ತನಗೆ ತಿಳಿಯದ್ದನ್ನು ವರ್ಷಗಟ್ಟಲೆ ಪಾಠ ಮಾಡಿ ಮಕ್ಕಳನ್ನು ಪಾಸು ಮಾಡಿಸುವುದೂ ಒಂದು ವಿದ್ಯೆಯೇ. ಅದರಲ್ಲಿ ಅವರು ಪಳಗಿದ ಕೈ.

ತಪ್ಪು ಅವರದಲ್ಲ, ಊರಿನ ಎರಡು ಭಾಷೆಗಳದು. ಹತ್ತನೆಯ ತನಕ ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಇಂಟರಿಗೆ, ಅಂದರೆ ಪಿಯುಸಿಗೆ, ತೆಲುಗು ಮೀಡಿಯಮ್ಮಿನಲ್ಲಿ ಬಂದು ಕೂತಾಗ ಲೆಕ್ಚರರು ಬೋರ್ಡಿನ ಮೇಲೆ ‘ಅವಧಿ’ ಎಂದು ಬರೆದರು. ತೆಲುಗು ಪುಸ್ತಕದಲ್ಲಿ ಲಿಮಿಟ್ಟಿಗೆ ಅದೇ ಹೆಸರು. ಕನ್ನಡದ ಹುಡುಗನಿಗೆ ಅವಧಿ ಎಂದರೆ ಕಾಲ, ಗಡುವು. ಹಾಗಾಗಿ x ಎಂಬ ಸಂಖ್ಯೆ a ಎಂಬ ಸಂಖ್ಯೆಯ ಕಡೆಗೆ ದಿನಾ ಸ್ವಲ್ಪ ಸ್ವಲ್ಪ ನಡೆಯುತ್ತದೆ, ತಾಳ್ಮೆಯಿಂದ ಕಾದರೆ ಒಂದು ದಿನ ಮುಟ್ಟುತ್ತದೆ, ಅದೇ ಲಿಮಿಟ್ ಎಂದು ನಂಬಿಬಿಟ್ಟ. ನಂಬಿಕೊಂಡೇ ಎಂ.ಎಸ್ಸಿ. ಮುಗಿಸಿದ. ಎಪ್ಸಿಲಾನ್, ಡೆಲ್ಟಾ ಎಂಬ ಗ್ರೀಕ್ ಅಕ್ಷರಗಳಿರುವ ಲಿಮಿಟ್ಟಿನ ಡೆಫಿನಿಷನ್ನನ್ನು ಅರ್ಥವಾಗದೆಯೇ ಮಂತ್ರದ ಹಾಗೆ ಬಾಯಿಪಾಠ ಮಾಡಿದ. ಮಂತ್ರಕ್ಕೆ ಅರ್ಥ ಕೇಳುವವರು ಯಾರು?

ನೌಕರಿಯನ್ನೂ ಮಾಸ್ತರರು ಅದೇ ನಂಬಿಕೆಯಲ್ಲಿ ಮಾಡುತ್ತಿದ್ದರು. ಅದು ಕಾಂಟ್ರ್ಯಾಕ್ಟ್ ನೌಕರಿ. ಬೇಸಿಗೆಗೆ ಒಣಗಿ ಮಳೆಗಾಲಕ್ಕೆ ಚಿಗುರುವಂಥದ್ದು. ಕಾಲೇಜಿನ ಸೆಕ್ರೆಟರಿ ಚಂದ್ರಣ್ಣ ಸಾವ್ಕಾರರು ಹತ್ತಿ ಜಿನ್ನಿಂಗ್ ಮಿಲ್ಲಿನ ಮಾಲೀಕರು. ಪ್ರತಿ ವರ್ಷ ಅವರು, “ಪರ್ಮನೆಂಟ್ ಹತ್ತಿರ ಬಂದೈತಿ, ಸ್ವಲ್ಪ ತಡಿ” ಅನ್ನುತ್ತಿದ್ದರು. ಮಾಸ್ತರರು ತಡೆಯುತ್ತಿದ್ದರು. x ನಡೆಯುತ್ತಿದೆಯಲ್ಲ!

ತಡೆಯಲಾರದವಳು ಹೆಂಡತಿ ಗಂಗೋತ್ರಿ. ಈ ಸಲ ಗೋನೆಗಂಡ್ಲದ ಒಂದು ಹೈಸ್ಕೂಲಿನಿಂದ ಕಾಯಂ ನೌಕರಿಗೆ ಕರೆ ಬಂದಿತ್ತು. ಶುಕ್ರವಾರದೊಳಗೆ ಹೇಳಬೇಕು, ಸೋಮವಾರ ಸೇರಬೇಕು. ಮಾಸ್ತರರಿಗೆ ಮನಸ್ಸಿಲ್ಲ. ಹೈಸ್ಕೂಲಿನಲ್ಲಿ ಲಿಮಿಟ್ ಪಾಠವೇ ಇಲ್ಲ. ಅರ್ಥವಾಗದಿದ್ದರೇನು, ಅದರ ಮೇಲೆ ಅವರಿಗೆ ಜೀವ.

ಶುಕ್ರವಾರ ಬೆಳಿಗ್ಗೆ ಗಂಗೋತ್ರಿ ಊಟದ ಡಬ್ಬಿ ಕೈಗಿಡುತ್ತ, “ಇವತ್ತು ಸಾವ್ಕಾರರ ಬಾಯಿಂದ ಒಂದು ಮಾತು ತಗೊಂಡ ಬರ್ರಿ. ಹತ್ತಿರ ಗಿತ್ತಿರ ಅಂದ್ರ ನಾ ಕೇಳಾಂಗಿಲ್ಲ,” ಅಂದಳು.

ಅವತ್ತೇ ಕ್ಲಾಸಿನಲ್ಲಿ, ಕುರಿ ಸಾಕುವ ಭೀಮಲಿಂಗಪ್ಪನ ಮಗಳು ಶಿರೀಷಾ ತೆಲುಗು ಪಠ್ಯಪುಸ್ತಕ ಹಿಡಿದು ಎದ್ದು ನಿಂತಳು.

“ಸಾರ್, x ನಡೀತೈತಿ ಅಂತೀರಿ. ಈ ಡೆಫಿನಿಷನ್ನಿನಾಗ ನಡಿಯೋದು ಎಲ್ಲೈತ್ರಿ? ಕಾಲನೂ ಇಲ್ಲ, ಕಾಲೂ ಇಲ್ಲ.”

ಮಾಸ್ತರರು ಬೋರ್ಡು ನೋಡಿದರು. ಹುಡುಗಿ ಹೇಳಿದ್ದು ಖರೆ. “ನಾಳೆ ಹೇಳ್ತೀನಿ, ಕೂತ್ಕೋಮ್ಮ,” ಎಂದು ಬೆವರು ಒರೆಸಿಕೊಂಡರು.

ಸಂಜೆ ಮಾಸ್ತರರು ಮಿಲ್ಲಿಗೆ ಹೋದಾಗ ಸಾವ್ಕಾರರು ಒಂದು ಚಿಟಿಕೆ ಹತ್ತಿಯನ್ನು ಬೆರಳುಗಳ ನಡುವೆ ಎಳೆದು ಎಳೆಯ ಉದ್ದ ನೋಡುತ್ತಿದ್ದರು.

“ಸಾವ್ಕಾರ್ರ, ಹತ್ತಿರ ಅಂದ್ರ ಎಷ್ಟು ಹತ್ತಿರ?”

ಮಾಸ್ತರರ ಬಾಯಲ್ಲಿ ಇಂಥ ಪ್ರಶ್ನೆ ಹಿಂದೆಂದೂ ಬಂದಿರಲಿಲ್ಲ. ಸಾವ್ಕಾರರು ಎರಡು ಬೆರಳು ಅಗಲಿಸಿ ಹಿಡಿದರು. “ಪರ್ಮನೆಂಟ್ ಮಂದಿಗೂ ನಿನಗೂ ಎಷ್ಟು ಫರಕು ಇರಬೇಕು, ನೀನ ಹೇಳಪ. ಇಷ್ಟು ಸಾಕಂದ್ರ ಸ್ಟಾಫ್ ರೂಮಿನಾಗ ಖುರ್ಚಿ ಕೊಡ್ತೀನಿ, ಭಾನುವಾರ ಕ್ಲಾಸು ತಗೋ. ಇನ್ನೂ ಕಡಿಮಿ ಬೇಕಾ? ರಜಾನೂ ಕೊಡ್ತೀನಿ, ಪರೀಕ್ಷಾ ಕೆಲಸ ಎಲ್ಲಾ ನೀನ ನೋಡ್ಕೋ. ನೀ ಎಷ್ಟು ಸಣ್ಣ ಫರಕು ಕೇಳು, ಅದಕ್ಕ ಎಷ್ಟು ದುಡೀಬೇಕು ನಾ ಹೇಳ್ತೀನಿ. ಆ ಪರ್ಮನೆಂಟ್ ಅನ್ನೋ ಜಾಗದ ಮಾತು ಮಾತ್ರ ಎತ್ತಬ್ಯಾಡ.”

ಮಾನ ಇದ್ದವನು ಸಿಟ್ಟಾಗಬೇಕಿತ್ತು. ಮಾಸ್ತರರ ಮುಖ ಅರಳಿತು. ಒಬ್ಬ ಮೊದಲು ಫರಕು ಕೇಳುತ್ತಾನೆ, ಅದು ಎಪ್ಸಿಲಾನ್. ಅದಕ್ಕೆ ತಕ್ಕಂತೆ a ಗೆ ಎಷ್ಟು ಸಮೀಪ ಇರಬೇಕೆಂದು ಇನ್ನೊಬ್ಬ ಹೇಳುತ್ತಾನೆ, ಅದು ಡೆಲ್ಟಾ. ಎಷ್ಟೇ ಸಣ್ಣದು ಕೇಳಿದರೂ ಉತ್ತರ ಸಿಕ್ಕೇ ಸಿಕ್ಕರೆ ಲಿಮಿಟ್ ಉಂಟು. ಯಾರೂ ನಡೆಯುವುದಿಲ್ಲ, ಯಾರೂ ಕಾಯುವುದಿಲ್ಲ. a ಎಂಬ ಜಾಗದಲ್ಲೇ ಏನಿದೆ ಎಂಬ ಮಾತನ್ನು ಯಾರೂ ಎತ್ತುವುದೇ ಇಲ್ಲ.

“ಅರ್ಥ ಆತ್ರೀ ಸಾವ್ಕಾರ್ರ!” ಎಂದು ಮಾಸ್ತರರು ಕೈ ಮುಗಿದರು. ಇಷ್ಟು ಸುಲಭವಾಗಿ ಅರ್ಥಮಾಡಿಕೊಂಡವನನ್ನು ಕಂಡು ಸಾವ್ಕಾರರಿಗೇ ಪಾಪ ಅನ್ನಿಸಿ ಚಹಾ ತರಿಸಿದರು.

ಮನೆಯ ಬಾಗಿಲಲ್ಲಿ ಗಂಡನ ಅರಳಿದ ಮುಖ ನೋಡಿ ಗಂಗೋತ್ರಿ ಓಡಿ ಬಂದಳು. “ಆತೇನ್ರೀ?”

“ಆತು!”

“ಪರ್ಮನೆಂಟಾ?”

“ಅಲ್ಲ, ಲಿಮಿಟ್ಟು.”

ಎರಡು ಬೆರಳು ಅಗಲಿಸಿ, ಕಿರಿದು ಮಾಡಿ, ಅವರು ಎಲ್ಲವನ್ನೂ ವಿವರಿಸಿದರು. ಆಕೆ ಕೊನೆಯ ತನಕ ಕೇಳಿದಳು.

“ಅಂದ್ರ, ಎಷ್ಟು ಸಮೀಪ ಹೋದ್ರೂ ಆ ಜಾಗದಾಗ ಏನೈತಿ ಅಂತ ನಿಮ್ಮ ಲೆಕ್ಕದೋರು ಕೇಳಾಂಗಿಲ್ಲ?”

“ಕೇಳಾಂಗಿಲ್ಲ.”

“ನಾ ಕೇಳ್ತೀನಿ,” ಎಂದು ಗಂಗೋತ್ರಿ ಫೋನು ಕೈಗಿಟ್ಟಳು.

ಮಾಸ್ತರರು ಇನ್ನೂ ಅಗಲಿಸಿಯೇ ಇದ್ದ ಬೆರಳುಗಳನ್ನು ನೋಡಿಕೊಂಡರು. ಅಷ್ಟು ವರ್ಷ ಕಾದದ್ದು ನೆನಪಾಗಿ ಈಗ ನಾಚಿಕೆಯಾಯಿತು. ಗೋನೆಗಂಡ್ಲಕ್ಕೆ ಫೋನು ಮಾಡಿ ಹೂಂ ಅಂದರು.

ಶನಿವಾರ ಅವರು ಲಿಮಿಟ್ ಪಾಠವನ್ನು ಮೊದಲ ಸಲ ಸರಿಯಾಗಿ ಮಾಡಿದರು. ಬೋರ್ಡಿನ ಮೇಲೆ 2x ಬರೆದು ಶಿರೀಷಾಳನ್ನು ಎಬ್ಬಿಸಿದರು. “ಎಷ್ಟು ಫರಕು ಬೇಕೋ ಕೇಳಮ್ಮ.”

“ಹತ್ತರಾಗ ಒಂದು ಪಾಲು, ಸಾರ್.”

“a ಗೆ ಇಪ್ಪತ್ತರಾಗ ಒಂದು ಪಾಲು ಸಮೀಪ ಇರು, 2x ನಾಗ ಅದು ಎರಡು ಪಟ್ಟಾಗತೈತಿ.”

“ನೂರರಾಗ ಒಂದು?”

“ಇನ್ನೂರರಾಗ ಒಂದು.”

ಹುಡುಗಿ ನಕ್ಕಳು. “ಎಷ್ಟು ಸಣ್ಣದು ಕೇಳಿದ್ರೂ ಅದರ ಅರ್ಧ ಹೇಳ್ತೀರಿ! ಅರ್ಥ ಆತು ಸಾರ್. ಇಷ್ಟೇ ಐತಿ ಅಂತ ಮೊದಲ ಯಾಕ ಹೇಳಲಿಲ್ರಿ?”

ಮಾಸ್ತರರು ಡಸ್ಟರು ತೆಗೆದುಕೊಂಡು ಬೋರ್ಡು ಒರೆಸಿದರು.

“ಸೋಮವಾರ ಏನು ಹೇಳ್ತೀರಿ ಸಾರ್?”

“ಅವಧಿ ಮುಗೀತಮ್ಮ.”

ಅವರು ಹೇಳಿದ್ದು ಕನ್ನಡದಲ್ಲಿ. ಶಿರೀಷಾ ಅದನ್ನು ತೆಲುಗಿನಲ್ಲಿ ತಿಳಿದು, ಹಾಳೆ ತಿರುವಿ ಮುಂದಿನ ಪಾಠದ ಹೆಸರು ಬರೆದುಕೊಂಡಳು.